ಕರಪತ್ರವೂ ಒಂದು ಪಾಠವೇ

ಕ್ಷಯರೋಗಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ನಾಲ್ಕು ಔಷಧಗಳು, ಮುಂದಿನ 4 ತಿಂಗಳು ಮೂರು. ಸರ್ಕಾರ ಔಷಧವನ್ನು ಉಚಿತವಾಗಿ ಕೊಡುತ್ತದೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದು, 2024ರ ನವೆಂಬರಿನಿಂದ ಅದನ್ನು 1000ಕ್ಕೆ ಏರಿಸಿತು. ಇಷ್ಟಿದ್ದೂ ನಡುವೆ ಮಾತ್ರೆ ಬಿಡುವವರಿದ್ದಾರೆ. ಅವರನ್ನು ಅಶಿಸ್ತಿನವರೆಂದು ಜರೆಯುವುದು ಸುಲಭ. ಅವರಿಗೆ ನಾವು ಏನನ್ನು ತಿಳಿಸಿದ್ದೇವೆಂದು ಕೇಳಿಕೊಳ್ಳುವುದು ಕಷ್ಟ.

ರಿಫಾಂಪಿಸಿನ್ ಸೇವಿಸಿದವರ ಮೂತ್ರ ಕಿತ್ತಳೆಗೆಂಪಾಗುತ್ತದೆ, ಅದು ನಿರಪಾಯ. ಮೊದಲೇ ಹೇಳದಿದ್ದರೆ ರಕ್ತವೆಂದೇ ಬಗೆದು ರೋಗಿ ಕಂಗಾಲಾಗುತ್ತಾನೆ. ಕೆಲವು ವಾರಗಳಲ್ಲಿ ಕೆಮ್ಮು ತಗ್ಗಿದರೆ ಗುಣವಾಯಿತೆಂದು ಮಾತ್ರೆ ನಿಲ್ಲಿಸುತ್ತಾನೆ. ಉಳಿದ ರೋಗಾಣುಗಳು ಔಷಧಕ್ಕೇ ಜಗ್ಗದಂತಾಗಬಹುದು. "ತಪ್ಪದೆ ಔಷಧ ಸೇವಿಸಿ" ಎಂಬ ಬರಿಯ ಉಪದೇಶದಿಂದ ಇದಾವುದೂ ತಿಳಿಯದು.

"ಎಲ್ಲವನ್ನೂ ಹೇಳಿದರೆ ಹೆದರುತ್ತಾರೆ" ಎಂಬ ವಾದವನ್ನು ನಾನು ಒಪ್ಪಲಾರೆ. ಹೇಳದೆ ಬಿಟ್ಟದ್ದೇ ಹೆಚ್ಚು ಹೆದರಿಸುತ್ತದೆ. ಮೊದಲ ದಿನ, ಮೊದಲ ವಾರ, ಎರಡನೆಯ ತಿಂಗಳು ಎಂಬ ಕ್ರಮದಲ್ಲಿ ಬರೆಯಿರಿ. ಸಹಿಸಬಹುದಾದದ್ದು ಯಾವುದು, ಕಣ್ಣು ಹಳದಿಯಾಗುವುದು, ದೃಷ್ಟಿ ಮಂಜಾಗುವುದು ಮುಂತಾಗಿ ಕೂಡಲೇ ವೈದ್ಯರಿಗೆ ತಿಳಿಸಬೇಕಾದದ್ದು ಯಾವುದು, ಬೇರೆ ಬೇರೆಯಾಗಿ ತೋರಿಸಿ. ಓದಲು ಬಾರದವರಿಗೆ ಚಿತ್ರ ಬರೆದು ಬಾಯಲ್ಲಿ ವಿವರಿಸಿ.

ಕೊನೆಗೆ, "ನಾನು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ" ಎಂದು ಕೇಳಿ. ವಿದ್ಯಾರ್ಥಿ ತಿರುಗಿ ಹೇಳಲಾರದ ಪಾಠವನ್ನು ಕಲಿಸಿದೆವೆಂದು ಯಾವ ಉಪಾಧ್ಯಾಯನೂ ಎದೆ ತಟ್ಟಿಕೊಳ್ಳಬಾರದು. ವೈದ್ಯರೂ ದಾದಿಯರೂ ಆಗಿರುವ ನನ್ನ ವಿದ್ಯಾರ್ಥಿಗಳೇ, ಈ ನಿಯಮ ನಿಮಗೂ ಅನ್ವಯಿಸುತ್ತದೆ.