ಬೋರ್ಡಿನಲ್ಲಿ ಮೊತ್ತ ಇದೆ, ತಿಂಗಳು ಎಲ್ಲಿದೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಜನರಿಗೆ ಕಾಮಗಾರಿಯ ಕೆಸರು ಹೊಸತಲ್ಲ. ಬಿ.ಸಿ.ರೋಡ್–ಅಡ್ಡಹೊಳೆ ಚತುಷ್ಪಥ 2017ರಲ್ಲಿ ಶುರುವಾಯಿತು, ನಡುವೆ ನಿಂತಿತು, ಮತ್ತೆ ಟೆಂಡರ್ ಆಯಿತು. ಕಲ್ಲಡ್ಕದ ಫ್ಲೈಓವರ್ ತೆರೆದದ್ದು 2025ರಲ್ಲಿ. ಅಷ್ಟು ವರ್ಷ ಕೆ.ಟಿ. ಕುಡಿಯಲು ಹೋದವರು ಧೂಳನ್ನೂ ಕುಡಿದು ಬಂದರು. ಪುಂಜಾಲಕಟ್ಟೆ–ಚಾರ್ಮಾಡಿ ರಸ್ತೆಯಲ್ಲಿ 2024ರ ಮಳೆಗಾಲ ಹೇಗಿತ್ತೆಂದು ಬೆಳ್ತಂಗಡಿಯವರನ್ನು ಕೇಳಿ. ಮೂಡುಬಿದಿರೆ ಕಡೆಯ ಹೆದ್ದಾರಿಯಲ್ಲಿ ಜಾಗದ ಪರಿಹಾರದ ತಕರಾರು ಕೋರ್ಟಿನವರೆಗೂ ಹೋಯಿತು.

ಕೆಲಸ ತಡವಾಗಲು ಕಾರಣಗಳಿರುತ್ತವೆ, ಒಪ್ಪೋಣ. ನಮ್ಮ ಪ್ರಶ್ನೆ ಬೇರೆ. ಕೆಲಸ ಹಿಂದೆ ಬಿದ್ದಿದೆ ಎಂಬುದು ಊರಿನವರಿಗೆ ಯಾವಾಗ ಗೊತ್ತಾಗುತ್ತದೆ? ಮಳೆ ಬಂದು, ಬಸ್ಸು ಹೂತು, ಮಕ್ಕಳು ಶಾಲೆಗೆ ಸುತ್ತು ಬಳಸಿ ಹೋಗಬೇಕಾದಾಗ. ರಸ್ತೆ ಬದಿಯ ಬೋರ್ಡಿನಲ್ಲಿ ಮೊತ್ತ ಇರುತ್ತದೆ, ಗುತ್ತಿಗೆದಾರರ ಹೆಸರು ಇರುತ್ತದೆ, ಹೆಚ್ಚೆಂದರೆ ಮುಗಿಯುವ ತಾರೀಕು ಇರುತ್ತದೆ. ಈ ತಿಂಗಳು ಯಾವ ಕೆಲಸ ಆಗಬೇಕಿತ್ತು ಎಂಬುದು ಇರುವುದಿಲ್ಲ.

ಅದನ್ನು ತೋರಿಸುವ ಸುಲಭ ದಾರಿ ಬಾರ್ ಚಾರ್ಟ್. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಇದನ್ನು ಬಳಕೆಗೆ ತಂದ ಕಾರಣ ಗ್ಯಾಂಟ್ ಚಾರ್ಟ್ ಎಂದೂ ಕರೆಯುತ್ತಾರೆ. ಎಡಗಡೆ ಕೆಲಸಗಳ ಹೆಸರು, ಮೇಲ್ಗಡೆ ತಿಂಗಳುಗಳು. ಪ್ರತಿ ಕೆಲಸದ ಎದುರು ಒಂದು ಪಟ್ಟಿ: ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂದು. ಅದರ ಕೆಳಗೆ ಬೇರೆ ಬಣ್ಣದಲ್ಲಿ ನಿಜವಾಗಿ ಎಷ್ಟು ಆಯಿತು ಎಂದು ಇನ್ನೊಂದು ಪಟ್ಟಿ. ಓದಲು ಎಂಜಿನಿಯರ್ ಆಗಬೇಕಿಲ್ಲ.

ಒಂದು ಸಣ್ಣ ಸೇತುವೆ ಎಂದಿಟ್ಟುಕೊಳ್ಳಿ. ಹೊಳೆಯ ನೀರು ಇಳಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಅಡಿಪಾಯ. ಫೆಬ್ರವರಿಯಲ್ಲಿ ಕಂಬ. ಮಾರ್ಚ್‌ನಲ್ಲಿ ಸ್ಲ್ಯಾಬ್. ಕಾಂಕ್ರೀಟು ಬಲ ಪಡೆಯಲು 28 ದಿನ, ಅಂದರೆ ಏಪ್ರಿಲ್. ಮೇ ತಿಂಗಳಲ್ಲಿ ಎರಡೂ ಕಡೆಯ ಮಣ್ಣು ತುಂಬಿ ರಸ್ತೆ ಜೋಡಣೆ. ಈಗ ಅಡಿಪಾಯವೇ ಒಂದು ತಿಂಗಳು ತಡವಾಯಿತು ಎನ್ನಿ. ಎಲ್ಲ ಪಟ್ಟಿಗಳೂ ಒಂದು ತಿಂಗಳು ಮುಂದೆ ಸರಿಯುತ್ತವೆ, ಕೊನೆಯದು ಜೂನ್‌ಗೆ ಬೀಳುತ್ತದೆ. ಜೂನ್‌ನಲ್ಲಿ ಮಣ್ಣು ತುಂಬಲು ಆಗುತ್ತದೆಯೇ? ಮತ್ತೆ ಮಳೆ ಬಿಡುವವರೆಗೆ ಕಾಯಬೇಕು. ಬಯಲುಸೀಮೆಯಲ್ಲಿ ಒಂದು ತಿಂಗಳ ವಿಳಂಬ ಒಂದೇ ತಿಂಗಳಾಗಿ ಉಳಿಯಬಹುದು. ನಮ್ಮಲ್ಲಿ ಅದು ಅರ್ಧ ವರ್ಷವಾಗುತ್ತದೆ.

ಆದ್ದರಿಂದ ನಮ್ಮ ಕಡೆಯ ಪ್ರತಿ ಚಾರ್ಟಿನಲ್ಲೂ ಪತ್ತನಾಜೆಯ ದಿನಕ್ಕೆ ಒಂದು ಕೆಂಪು ಗೆರೆ ಎಳೆಯಬೇಕು ಎನ್ನುತ್ತೇವೆ ನಾವು. ಬೇಶ ತಿಂಗಳ ಹತ್ತಕ್ಕೆ, ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಣ್ಣಿನ ಕೆಲಸವೂ ಅಷ್ಟರೊಳಗೆ ಮುಗಿಯಬೇಕು. ಅಡಿಕೆಗೆ ಮದ್ದು ಬಿಡುವ ಕೃಷಿಕರು ಮಳೆ ಹಿಡಿಯುವ ಮೊದಲೇ ಮೊದಲ ಸುತ್ತು ಮುಗಿಸುತ್ತಾರೆ. ಅವರಿಗೆ ಈ ಲೆಕ್ಕ ಯಾರೂ ಕಲಿಸಬೇಕಿಲ್ಲ.

"ಮಳೆ, ಜಾಗ, ಕೋರ್ಟು, ಇದೆಲ್ಲ ನಮ್ಮ ಕೈಯಲ್ಲಿಲ್ಲ" ಎಂದು ಅಧಿಕಾರಿಗಳು ಹೇಳಬಹುದು. ನಿಜ. ಚಾರ್ಟ್ ಹಾಕಿದ ಮಾತ್ರಕ್ಕೆ ಕೆಲಸ ಓಡುವುದಿಲ್ಲ. ತಿಂಗಳಿಗೊಮ್ಮೆ ಎರಡನೇ ಪಟ್ಟಿ ಬರೆಯದಿದ್ದರೆ ಅದು ಬರೀ ಗೋಡೆಯ ಚಿತ್ರ. ಆದರೆ ಬರೆದರೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಫೆಬ್ರವರಿಯಲ್ಲೇ ಕಾಣುತ್ತದೆ. ಜಾಗದ ತಕರಾರಾದರೆ ಊರವರು ಕೂತು ಮಾತಾಡಲು ಸಮಯ ಸಿಗುತ್ತದೆ. ತಪ್ಪು ಮಾಡದ ಎಂಜಿನಿಯರಿಗೂ ಬೈಗುಳ ತಪ್ಪುತ್ತದೆ.

ದೊಡ್ಡ ಕಾಮಗಾರಿಗಳ ಟೆಂಡರಿನಲ್ಲಿ ಗುತ್ತಿಗೆದಾರರು ಕೆಲಸದ ವೇಳಾಪಟ್ಟಿ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಂದರೆ ಚಾರ್ಟ್ ಕಚೇರಿಯ ಫೈಲಿನಲ್ಲಿ ಇರಬೇಕು. ಅದನ್ನು ಕನ್ನಡದಲ್ಲಿ ಬೋರ್ಡಿಗೆ ತನ್ನಿ ಎಂಬುದಷ್ಟೇ ನಮ್ಮ ಒತ್ತಾಯ. ಗುದ್ದಲಿ ಪೂಜೆಯ ದಿನವೇ ಕೇಳಿ. ಗ್ರಾಮಸಭೆಯಲ್ಲಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಬರಬೇಕು. ಅರ್ಜಿಯನ್ನು ಮಾತ್ರ ಡಿಸೆಂಬರಿನಲ್ಲೇ ಹಾಕಿ. ಮೇ ತಿಂಗಳಲ್ಲಿ ಹಾಕಿದರೆ ಉತ್ತರದ ಜೊತೆಗೇ ಮಳೆಯೂ ಬರುತ್ತದೆ.