ಬೇಟೆ, ಬಾಲ್ಯ ಮತ್ತು ಹಿಟ್ಟಿನ ಹುಂಜ

ಕೊಡವರಲ್ಲಿ ಗಂಡುಮಗು ಹುಟ್ಟಿದಾಗ ಕೋವಿಯಿಂದ ಒಂದು ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನು ಶಿಶುವಿನ ಕೈಗೆ ಮುಟ್ಟಿಸುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಬರಹಗಾರರೇ ದಾಖಲಿಸಿದ್ದಾರೆ. ತಮಿಳಿನ ಪೆರಿಯಪುರಾಣದಲ್ಲಿ ಬೇಡರ ಒಡೆಯನ ಮಗ ತಿಣ್ಣನು ಬಿಲ್ವಿದ್ಯೆಯನ್ನು ಕಲಿತು ಮೊದಲ ಬೇಟೆಗೆ ಹೊರಡುವುದು ಒಂದು ಸಂಸ್ಕಾರದಂತೆ ವರ್ಣಿತವಾಗಿದೆ. ಹರಿಹರನ ರಗಳೆಯ ಮೂಲಕ ಕನ್ನಡಿಗರಿಗೆ ಆಪ್ತನಾದ ಕಣ್ಣಪ್ಪನು ಇವನೇ. ಹೀಗೆ ನಮ್ಮ ನಾಡಿನ ಹಲವು ಸಮುದಾಯಗಳಲ್ಲಿ ಬಾಲ್ಯದಿಂದ ಪ್ರೌಢಿಗೆ, ಮನೆಯಂಗಳದಿಂದ ಕಾಡಿಗೆ ತೆರೆಯುವ ಬಾಗಿಲು ಬೇಟೆಯೇ ಆಗಿತ್ತು. ಜೈನ ಪರಂಪರೆಯಾದರೋ ಮಗುವಿಗೆ ಕಲಿಸಬೇಕಾದ ಮೊದಲ ಪಾಠಗಳಲ್ಲಿ ಆ ಬಾಗಿಲನ್ನು ಮುಚ್ಚುವುದೂ ಒಂದು ಎಂದು ಬಗೆಯಿತು. ಈ ಎರಡು ನಿಲುವುಗಳ ನಡುವೆ ಒಂದು ಪ್ರಶ್ನೆ ಇಂದಿಗೂ ಉಳಿದುಕೊಂಡಿದೆ: ಕೊಲ್ಲುವುದನ್ನು ಕಲಿಸದೆ ಕಾಡನ್ನು ಕಲಿಸುವುದು ಹೇಗೆ? ಬೇಟೆಯೂ ತಿಳಿಯದ, ಕಾಡೂ ತಿಳಿಯದ ಮಕ್ಕಳು ತರಗತಿಗಳಲ್ಲಿ ತುಂಬಿರುವ ಈ ಕಾಲದಲ್ಲಿ ಇದು ಕೇವಲ ಪುರಾಣದ ಜಿಜ್ಞಾಸೆಯಲ್ಲ.

ಜೈನ ಶ್ರಾವಕಾಚಾರ ಗ್ರಂಥಗಳು ಹೇಳುವ ಸಪ್ತವ್ಯಸನಗಳಲ್ಲಿ ಬೇಟೆಯೂ ಮಾಂಸಭಕ್ಷಣೆಯೂ ಬೇರೆಬೇರೆಯಾಗಿ ಎಣಿಕೆಯಾಗಿವೆ ಎಂಬುದು ಗಮನಿಸಬೇಕಾದ ಸಂಗತಿ. ಬೇಟೆಯು ಮಾಂಸಕ್ಕಾಗಿ ಮಾತ್ರ ನಡೆಯುವುದಾಗಿದ್ದರೆ ಎರಡನ್ನೂ ಒಂದೇ ಹೆಸರಿನಡಿ ಸೇರಿಸಬಹುದಾಗಿತ್ತು. ಆಚಾರ್ಯರು ಹಾಗೆ ಮಾಡಲಿಲ್ಲ. ಜೂಜು, ಕಳವುಗಳ ಸಾಲಿನಲ್ಲಿ ಬೇಟೆಯನ್ನು ಇರಿಸಿದರೆಂದರೆ ಅವರ ಕಣ್ಣು ಇದ್ದದ್ದು ಹಸಿವಿನ ಮೇಲಲ್ಲ, ರುಚಿಹತ್ತುವ ಮನಸ್ಸಿನ ಮೇಲೆ. ಇದಕ್ಕೆ ಇದಿರಾಗಿ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಬೇಟೆಯನ್ನೂ ಮೀನು ಹಿಡಿಯುವುದನ್ನೂ ಅರಸನ ವಿನೋದಗಳೆಂದೇ ವಿವರಿಸುತ್ತದೆ. ಒಬ್ಬರಿಗೆ ವ್ಯಸನವಾದದ್ದು ಇನ್ನೊಬ್ಬರಿಗೆ ವಿನೋದ. ಆದರೆ ಬೇಟೆಯಲ್ಲಿ ಒಂದು ಸುಖವಿದೆ ಎಂಬುದನ್ನು ಇಬ್ಬರೂ ಒಪ್ಪಿದ್ದಾರೆ. ಹಸಿವಿಗಾಗಿ ಬೇಟೆಯಾಡಿದ ಕಾಡಿನ ಜನರನ್ನೂ ಮೋಜಿಗಾಗಿ ಬೇಟೆಯಾಡಿದ ಅರಸರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕವೂ ಈ ವಿಂಗಡಣೆಯೊಳಗೇ ಇದೆ.

ಅಹಿಂಸೆಯ ಪಕ್ಷದವರು ಒಪ್ಪಿಕೊಳ್ಳಬೇಕಾದ ಒಂದು ಸತ್ಯವೂ ಇದೆ. ಬೇಟೆಗಾರನಿಗೆ ಕಾಡು ತಿಳಿದಿತ್ತು. ಜಾಡು ಹಿಡಿಯುವುದು, ಹಿಕ್ಕೆಯನ್ನು ಕಂಡು ಪ್ರಾಣಿಯನ್ನು ಗುರುತಿಸುವುದು, ಗಾಳಿಯ ದಿಕ್ಕನ್ನು ಅರಿತು ನಡೆಯುವುದು, ಮರಸು ಕುಳಿತು ಗಂಟೆಗಟ್ಟಲೆ ಉಸಿರು ಬಿಗಿಹಿಡಿಯುವುದು, ಇವೆಲ್ಲ ಯಾವ ಶಾಲೆಯೂ ಕಲಿಸದ ವಿದ್ಯೆಗಳು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಮತ್ತು ಕಾದಂಬರಿಗಳಲ್ಲಿ ಕಾಡಿನ ವಿವರ ಅಷ್ಟು ಜೀವಂತವಾಗಿರುವುದಕ್ಕೆ ಆ ಪರಿಸರದ ಬೇಟೆಯ ಬದುಕೂ ಒಂದು ಕಾರಣ. ಬೇಟೆಯ ಲೋಕಕ್ಕೆ ಮಮತೆ ತಿಳಿಯದೆಂದೂ ಹೇಳಲಾಗದು. ಕ್ರಿ.ಶ. 949–50ರ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯನ್ನು ಕಲ್ಲಿನಲ್ಲಿ ನೆನೆದಿದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿಯ ಹುಲಿಯನಿಗಾಗಿ ಮರುಗದ ಓದುಗನಿಲ್ಲ.

ಈ ಸತ್ಯವನ್ನೇ ಆಧಾರವಾಗಿಟ್ಟುಕೊಂಡು, ಮಕ್ಕಳನ್ನು ಪ್ರಕೃತಿಯತ್ತ ಸೆಳೆಯಲು ಬೇಟೆಯೇ ಸಹಜ ಮಾರ್ಗವೆಂದು ವಾದಿಸುವವರಿದ್ದಾರೆ. ಅವರು ಕೊಡುವ ಪ್ರಬಲ ನಿದರ್ಶನ ಪಕ್ಷಿತಜ್ಞ ಸಲೀಂ ಅಲಿ. ಬಾಲಕ ಸಲೀಂ ಏರ್‌ಗನ್ನಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದ. ಅದರ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಅದೇನೆಂದು ತಿಳಿಯಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ. ಅಲ್ಲಿ ಮಿಲ್ಲರ್ಡ್ ಎಂಬವರು ಹಕ್ಕಿಯನ್ನು ಗುರುತಿಸಿದ್ದಲ್ಲದೆ ಸಂಗ್ರಹದ ಕಪಾಟುಗಳನ್ನೇ ತೆರೆದು ತೋರಿಸಿದರು. 1985ರಲ್ಲಿ ಪ್ರಕಟವಾದ ಅವರ ಆತ್ಮಕಥೆಯ ಹೆಸರೂ ಆ ಗುಬ್ಬಚ್ಚಿಯ ಪತನವನ್ನೇ ಸೂಚಿಸುತ್ತದೆ. ಆದರೆ ಈ ನಿದರ್ಶನವನ್ನು ಎಚ್ಚರದಿಂದ ಓದಬೇಕು. ಏರ್‌ಗನ್ ಹಿಡಿದ ಹುಡುಗರು ಆ ಕಾಲದಲ್ಲಿ ಅಸಂಖ್ಯ. ಸಲೀಂ ಅಲಿ ಆದವನು ಒಬ್ಬ. ಅವನನ್ನು ಬೇರೆಯಾಗಿಸಿದ್ದು ಗುರಿಯಲ್ಲ, ‘ಇದು ಯಾವ ಹಕ್ಕಿ?’ ಎಂಬ ಪ್ರಶ್ನೆ. ಮತ್ತು ಆ ಪ್ರಶ್ನೆಯನ್ನು ಬಾಲಿಶವೆಂದು ತಳ್ಳಿಹಾಕದೆ ಉತ್ತರಿಸಿದ ಒಬ್ಬ ಹಿರಿಯ. ಪ್ರಶ್ನೆ ಹುಟ್ಟಲು ಹಕ್ಕಿ ಸಾಯಲೇಬೇಕೆಂಬ ನಿಯಮವಿಲ್ಲ.

ಕನ್ನಡದಲ್ಲಿ ಬೇಟೆಯನ್ನೂ ಮಕ್ಕಳನ್ನೂ ಒಟ್ಟಿಗೆ ತಂದು ಅತ್ಯಂತ ತೀವ್ರವಾಗಿ ಚಿಂತಿಸಿದ ಕಾವ್ಯ ಜನ್ನನ ‘ಯಶೋಧರ ಚರಿತೆ’ (1209). ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಪ್ರಾಣಿಜನ್ಮಗಳಲ್ಲಿ ತೊಳಲಿ ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯ ಉಪದೇಶವನ್ನು ಕೇಳಿ, ಪೂರ್ವಜನ್ಮ ನೆನಪಾಗಿ, ಆ ಹಕ್ಕಿಗಳು ಹರ್ಷದಿಂದ ಕೂಗುತ್ತವೆ. ಆ ಕೂಗನ್ನು ಆಲಿಸಿದ ಯಶೋಮತಿಯು ರಾಣಿಗೆ ತನ್ನ ಶಬ್ದವೇಧಿಯ ನೈಪುಣ್ಯವನ್ನು ತೋರಿಸಲು ಬಾಣ ಬಿಡುತ್ತಾನೆ. ಸತ್ತದ್ದು ಅವನ ತಂದೆ ಮತ್ತು ಅಜ್ಜಿ. ಅವೇ ಜೀವಗಳು ಅವನ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟುತ್ತವೆ. ದಶರಥನ ಶಬ್ದವೇಧಿ ಬಾಣವು ತಪ್ಪು ತಿಳಿವಳಿಕೆಯಿಂದ ಬಿಟ್ಟದ್ದು. ಯಶೋಮತಿಯದು ಪ್ರದರ್ಶನಕ್ಕಾಗಿ ಬಿಟ್ಟದ್ದು. ವ್ಯಸನವೆಂಬ ಮಾತಿಗೆ ಇದಕ್ಕಿಂತ ನಿಖರವಾದ ವ್ಯಾಖ್ಯಾನ ದೊರೆಯದು. ಮುಂದೆ ಆ ಎಳೆಯರನ್ನು ಚಂಡಮಾರಿಗೆ ಬಲಿಕೊಡಲೆಂದು ಹಿಡಿದು ತಂದಾಗ, ಕತ್ತಿ ಹಿಡಿದ ಮಾರಿದತ್ತನಿಗೆ ಕಥೆ ಹೇಳಿ ಅವನ ಮನಸ್ಸನ್ನು ತಿರುಗಿಸುವವನು ಬಾಲಕ ಅಭಯರುಚಿಯೇ. ಹಿರಿಯರು ಕಿರಿಯರಿಗೆ ಬೇಟೆಯನ್ನು ಕಲಿಸುವುದು ಲೋಕರೂಢಿ. ಜನ್ನನಲ್ಲಿ ಬೇಟೆಗೆ ಗುರಿಯಾದ ಜೀವವೇ ಮಗುವಾಗಿ ಬಂದು ಹಿರಿಯನಿಗೆ ಪಾಠ ಹೇಳುತ್ತದೆ.

ಹಿಟ್ಟಿನ ಹುಂಜವು ಇಂದಿನ ಮನೆಗಳಲ್ಲಿಯೂ ಇದೆ. ಮೊಬೈಲಿನ ಪರದೆಯ ಮೇಲೆ ಜಿಂಕೆ, ಕರಡಿಗಳನ್ನು ಹೊಡೆದು ಅಂಕ ಗಳಿಸುವ ಆಟಗಳನ್ನು ಆಡುವ ಮಗುವಿನ ಕೈಯಿಂದ ಯಾವ ಜೀವವೂ ಸಾಯುವುದಿಲ್ಲ. ಯಶೋಧರನ ಕೈಯಿಂದಲೂ ಸತ್ತದ್ದು ಹಿಟ್ಟು ಮಾತ್ರ. ಜನ್ನನ ತೀರ್ಪು ಸಂಕಲ್ಪವನ್ನು ಕುರಿತದ್ದು. ಹಾಗಾದರೆ ಗುರಿಯಿಡುವುದೆಲ್ಲವೂ ಹಿಂಸೆಯೇ? ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯ ತರುವಾಯ ಮರದ ಮೇಲಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿ ಕಾಯಿಯು ಕಾಯಿಯಾಗಿಯೇ ಇದೆ. ಅದನ್ನು ಪ್ರಾಣಿಯೆಂದು ಭಾವಿಸಿ ಕೊಲ್ಲುವ ಸಂಕಲ್ಪವಿಲ್ಲ. ಹಿಟ್ಟಿನಲ್ಲಿ ಹುಂಜವನ್ನು ಕಡೆದು, ಅದಕ್ಕೆ ಜೀವವನ್ನು ಆರೋಪಿಸಿ, ಬಳಿಕ ಕತ್ತಿ ಬೀಸಿದ್ದು ಬೇರೆಯೇ ಸಂಗತಿ. ಈ ವಿವೇಚನೆಯನ್ನು ಕೈಬಿಟ್ಟರೆ ನಮ್ಮ ಅಹಿಂಸೆಯು ನಿಷೇಧಗಳ ಪಟ್ಟಿಯಾಗುತ್ತದೆ. ಪಟ್ಟಿಗಳು ಮಕ್ಕಳನ್ನು ಬಹುಕಾಲ ಹಿಡಿದಿಡಲಾರವು.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಹೇಳುವ ಅನರ್ಥದಂಡದ ಐದು ಭೇದಗಳಲ್ಲಿ ಮೂರು ಈ ಚರ್ಚೆಗೆ ನೇರವಾಗಿ ಒದಗುತ್ತವೆ. ಆಯುಧಾದಿಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಮಗುವಿಗೆ ಕ್ಯಾಟರ್‌ಬಿಲ್ಲು ಕೊಡಿಸುವ ತಂದೆಗೆ ಈ ಮಾತು ಸಲ್ಲುತ್ತದೆ. ಮನಸ್ಸನ್ನು ಕಲುಷಿತಗೊಳಿಸುವ ಕಥನಗಳನ್ನು ಕೇಳುವುದು ದುಃಶ್ರುತಿ. ಹಾಗಾದರೆ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಮಕ್ಕಳಿಗೆ ಕೊಡಬಾರದೆ? ಕೊಡಬಹುದು. ಆ ಕತೆಗಳಲ್ಲಿನ ಕೊಲೆ ಬಹುಮಟ್ಟಿಗೆ ನರಭಕ್ಷಕವನ್ನು ಕುರಿತದ್ದು; ಜೈನರು ಮಾಡುವ ಹಿಂಸೆಯ ವಿಂಗಡಣೆಯಲ್ಲಿ ವಿರೋಧೀ ಹಿಂಸೆಗೆ ಹತ್ತಿರವಾದದ್ದು. ಅದಕ್ಕಿಂತ ಮುಖ್ಯವಾಗಿ, ಓದಿದ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಕೊನೆಯ ಗುಂಡಿಗಿಂತ ಹೆಚ್ಚಾಗಿ ಕಾಡಿನ ಕತ್ತಲೆ ಮತ್ತು ಸದ್ದುಗಳು.

ಮೂರನೆಯದು ಪ್ರಮಾದಚರ್ಯೆ: ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಕದಡುವುದು, ಬೆಂಕಿ ಹಚ್ಚುವುದು, ಗಿಡಬಳ್ಳಿಗಳನ್ನು ಕೀಳುವುದು, ಸುಮ್ಮನೆ ಅಲೆಯುವುದು. ಬಂದೂಕು ಹಿಡಿಯದ ಕಾರಣಕ್ಕೇ ತಾವು ಅಹಿಂಸಕರೆಂದು ತಿಳಿದು, ಮಕ್ಕಳೊಡನೆ ಗಿರಿಧಾಮಗಳಿಗೆ ಹೋಗಿ ಹಾಡು ಮೊಳಗಿಸಿ ಪ್ಲಾಸ್ಟಿಕ್ ಚೆಲ್ಲಿ ಬರುವ ನಾವು ನಾಚಬೇಕಾದ ಮಾತಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬೇಟೆ ಎಂಬ ಪದದ ಅರ್ಥದೊಳಗೆ ಕೊಲ್ಲುವುದನ್ನಷ್ಟೇ ಅಲ್ಲ, ಹಕ್ಕಿಗಳ ಗೂಡನ್ನೂ ಮೊಟ್ಟೆಗಳನ್ನೂ ಕದಡುವುದನ್ನು ಸೇರಿಸಿದೆ. ಶಾಸ್ತ್ರವೂ ಶಾಸನವೂ ಇಲ್ಲಿ ಬಹುದೂರದಲ್ಲಿಲ್ಲ.

ಬೇಟೆಗಾರನ ಏಕಾಗ್ರತೆಯನ್ನು ಉಳಿಸಿಕೊಂಡು ಕೊಲೆಯನ್ನು ಬಿಡಬಹುದೆಂಬುದಕ್ಕೆ ಆಧುನಿಕ ಕನ್ನಡದ ಸಾಕ್ಷಿ ತೇಜಸ್ವಿಯವರ ‘ಕರ್ವಾಲೊ’ (1980). ಅಲ್ಲಿರುವುದು ಒಂದು ಬೇಟೆಯ ತಂಡವೇ: ಕಾಡು ಬಲ್ಲ ಮಂದಣ್ಣ, ಮರವೇರುವ ಕರಿಯಪ್ಪ, ಕಿವಿ ಎಂಬ ನಾಯಿ. ಆದರೆ ಅರಸಿ ಹೊರಟದ್ದು ಹಾರುವ ಓತಿಯನ್ನು, ಅದನ್ನು ತಿಳಿಯುವುದಕ್ಕಾಗಿ. ಕೊನೆಗೆ ಅದು ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಪ್ರಾಣಿ ಕೈತಪ್ಪಿದಾಗ ಬೇಟೆಯ ಕಥೆ ಸೋಲಿನಲ್ಲಿ ಮುಗಿಯಬೇಕು. ಇಲ್ಲಿ ವಿಸ್ಮಯದಲ್ಲಿ ಮುಗಿಯುತ್ತದೆ. ಬೇಟೆಯ ಸಂಸ್ಕಾರದಲ್ಲಿ ಬೆಳೆದ ಮಲೆನಾಡಿನ ಮನೆಯೊಂದರಲ್ಲಿ, ಒಂದು ತಲೆಮಾರಿನ ಅಂತರದಲ್ಲಿ ಆದ ಈ ಪಲ್ಲಟವು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇನ್ನೂ ಸರಿಯಾಗಿ ಚರ್ಚೆಯಾಗಿಲ್ಲ. ಜನ್ನನಿಂದ ತೇಜಸ್ವಿಯವರೆಗಿನ ಬೇಟೆಯ ಪ್ರಸಂಗಗಳನ್ನು ಈ ದೃಷ್ಟಿಯಿಂದ ಸಂಶೋಧಕರು ಕೈಗೆತ್ತಿಕೊಳ್ಳಬಹುದು.

ಮಕ್ಕಳ ವಿಷಯದಲ್ಲಿ ಮಾರ್ಗವನ್ನು ಜೈನ ಪುರಾಣದ ಖದಿರಸಾರನ ಕಥೆ ಸೂಚಿಸುತ್ತದೆ. ಬೇಡನಾದ ಅವನಿಂದ ಎಲ್ಲ ಮಾಂಸವನ್ನೂ ಬಿಡಿಸಲಾಗದೆಂದು ಅರಿತ ಮುನಿಯು ಕಾಗೆಯ ಮಾಂಸವೊಂದನ್ನು ಬಿಡುವ ವ್ರತವನ್ನಷ್ಟೇ ಕೊಟ್ಟನು. ಚಿಕ್ಕ ವ್ರತವಾದರೂ ಪ್ರಾಣಸಂಕಟದಲ್ಲಿ ಅದನ್ನು ಉಳಿಸಿಕೊಂಡದ್ದರಿಂದ ಅವನು ಮೇಲೇರಿದನು. ಮಗುವಿಗೂ ಜೀವದಯೆಯ ದೀರ್ಘ ಉಪನ್ಯಾಸ ಬೇಕಿಲ್ಲ. ಶಾಲೆಯ ಹಿತ್ತಲಿನ ಒಂದು ಗೂಡನ್ನು ಮುಟ್ಟದೆ, ಮರಿಗಳು ಹಾರಿಹೋಗುವವರೆಗೆ ದಿನವೂ ನೋಡಿ ಬರೆದಿಡುವ ಕೆಲಸ ಸಾಕು. ಮರಸು ಕೂರುವ ಬೇಟೆಗಾರನ ತಾಳ್ಮೆಯನ್ನೂ ಶ್ರಾವಕನ ಸಂಯಮವನ್ನೂ ಅದು ಒಟ್ಟಿಗೆ ಕಲಿಸುತ್ತದೆ. ಅದು ಯಾವ ಹಕ್ಕಿಯೆಂದು ಮಗು ಬಂದು ಕೇಳಿದಾಗ ಉತ್ತರಿಸಬಲ್ಲ ಅಧ್ಯಾಪಕನೊಬ್ಬ ಅಲ್ಲಿರಬೇಕು. ಕನ್ನಡ ಅಧ್ಯಾಪಕರಲ್ಲಿ ಎಷ್ಟು ಮಂದಿಗೆ ತಮ್ಮೂರಿನ ಹತ್ತು ಹಕ್ಕಿಗಳ ಹೆಸರು ಗೊತ್ತಿದೆ ಎಂಬುದನ್ನು ಮೊದಲು ಕೇಳಿಕೊಳ್ಳುವುದು ಲೇಸು.