ಕೊರೊಲ್ಲಾ ಸಾಕೇ, ಕ್ಯಾಮ್ರಿ ಬೇಕೇ?

ಡಾಲಸ್, ಹ್ಯೂಸ್ಟನ್ ಅಥವಾ ಆಸ್ಟಿನ್‌ಗೆ ಬಂದಿಳಿಯುವ ಕನ್ನಡ ಕುಟುಂಬ ಬಾಡಿಗೆ ಮನೆಯ ಮುಂಗಡ ಕಟ್ಟಿದ ಮೇಲೆ ಮಾಡುವ ಮೊದಲ ದೊಡ್ಡ ವೆಚ್ಚ ಕಾರಿನದು. ಕೊರೊಲ್ಲಾ ಸಾಕೇ, ಕ್ಯಾಮ್ರಿ ಬೇಕೇ? ಸಿವಿಕ್ಕೋ, ಅಕಾರ್ಡೋ? ಜಾತಿ, ಭಾಷೆ, ಶಿಕ್ಷಣ ನೀತಿಗಳ ಬಗ್ಗೆ ಖಚಿತ ನಿಲುವುಳ್ಳವರೂ ಈ ಒಂದು ವಿಷಯವನ್ನು ಮಾತ್ರ ನೆರೆಮನೆಯ ಗ್ಯಾರೇಜು ನೋಡಿ ತೀರ್ಮಾನಿಸುವುದುಂಟು.

‘ಕಾಂಪ್ಯಾಕ್ಟ್’, ‘ಮಿಡ್‌ಸೈಜ್’ ಎಂಬ ಹೆಸರುಗಳನ್ನೇ ಮೊದಲು ಸಂಶಯದಿಂದ ನೋಡಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೆಡಾನ್‌ಗಳನ್ನು ವಿಂಗಡಿಸುವುದು ಉದ್ದದಿಂದಲ್ಲ, ಪ್ರಯಾಣಿಕರ ಜಾಗ ಮತ್ತು ಡಿಕ್ಕಿ ಸೇರಿದ ಒಳ ಅಳತೆಯಿಂದ. 110ರಿಂದ 119 ಘನ ಅಡಿಯವರೆಗೆ ಮಧ್ಯಮ. 120 ಮುಟ್ಟಿದರೆ ದೊಡ್ಡದು. ಆ ಲೆಕ್ಕದಲ್ಲಿ ಮಾರಾಟಗಾರರು ಕಾಂಪ್ಯಾಕ್ಟ್ ಎನ್ನುವ ಈಗಿನ ಸಿವಿಕ್ ಸೆಡಾನ್ ಮತ್ತು ಎಲಾಂಟ್ರಾ ಮಧ್ಯಮ ವರ್ಗಕ್ಕೆ ಸೇರುತ್ತವೆ, ಮಿಡ್‌ಸೈಜ್ ಎನಿಸಿಕೊಂಡ ಅಕಾರ್ಡ್ ದೊಡ್ಡ ಕಾರಾಗುತ್ತದೆ. ಮಧ್ಯಮ ವರ್ಗ ಎಂಬುದು ಹಿಗ್ಗುತ್ತಲೇ ಹೋಗುವ ಹೆಸರು, ಕಾರುಗಳಲ್ಲೂ.

ಮೈಲೇಜಿನ ವಾದವೂ ಅಷ್ಟೇ ಮೋಸದ್ದು. 2025ರ ಮಾದರಿಯಿಂದ ಕ್ಯಾಮ್ರಿ ಹೈಬ್ರಿಡ್ ಆಗಿ ಮಾತ್ರ ಸಿಗುತ್ತದೆ. ಅದರ ಆರಂಭಿಕ ಮಾದರಿ ಗ್ಯಾಲನ್ನಿಗೆ 51 ಮೈಲಿ ಕೊಡುತ್ತದೆ, ಸಾಧಾರಣ ಕೊರೊಲ್ಲಾ 35. ಆದ್ದರಿಂದ ದೊಡ್ಡ ಕಾರೇ ಮಿತವ್ಯಯದ್ದು ಎನ್ನುವವರಿದ್ದಾರೆ. ಎರಡರ ಆರಂಭಿಕ ಬೆಲೆಯ ಅಂತರ ಸುಮಾರು 6,000 ಡಾಲರ್. ಅದರ ಮೇಲೆ ಟೆಕ್ಸಸ್‌ನ ಶೇಕಡಾ 6.25 ಮಾರಾಟ ತೆರಿಗೆ. ವರ್ಷಕ್ಕೆ 12,000 ಮೈಲಿ ಓಡಿಸಿ, ಗ್ಯಾಲನ್ನಿಗೆ 3 ಡಾಲರ್ ಹಿಡಿದರೆ ಉಳಿತಾಯ ಸುಮಾರು 323 ಡಾಲರ್. ಹಾಕಿದ ಹಣ ಮರಳಲು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಬೇಕು. ಅದೇ ಕೊರೊಲ್ಲಾದ ಹೈಬ್ರಿಡ್‌ಗೆ ಸುಮಾರು 1,500 ಡಾಲರ್ ಹೆಚ್ಚು ಕೊಟ್ಟರೆ 50 ಮೈಲಿ ಸಿಗುತ್ತದೆ. ಅದು ಐದು ವರ್ಷಗಳಲ್ಲಿ ತೀರುತ್ತದೆ. ಊರಿನಿಂದ ಬರುವ ತಂದೆತಾಯಿಯರ ಮಂಡಿನೋವಿಗೆ ಹಿಂದಿನ ಸೀಟು ವಿಶಾಲವಾಗಿರಲಿ ಎಂದು ಕ್ಯಾಮ್ರಿ ಕೊಂಡರೆ ಅದು ಒಪ್ಪತಕ್ಕ ಕಾರಣ. ಪೆಟ್ರೋಲಿನ ಹೆಸರು ಹೇಳುವುದು ಬೇಡ.

ಹೊಸದಾಗಿ ಬಂದವರಿಗೆ ಬೆಲೆಗಿಂತ ಹೆಚ್ಚು ಭಾರ ಬೀಳುವುದು ಬಡ್ಡಿ ಮತ್ತು ವಿಮೆಯಲ್ಲಿ. ಸಾಲದ ಇತಿಹಾಸವಿಲ್ಲದವರಿಗೆ ಬಡ್ಡಿ ಏರುತ್ತದೆ. ವಿಮೆಯ ದರ ನಿಗದಿಗೆ ಕ್ರೆಡಿಟ್ ಅಂಕವನ್ನು ಬಳಸಲು ಟೆಕ್ಸಸ್ ಅನುಮತಿಸುತ್ತದೆ; ಕ್ಯಾಲಿಫೋರ್ನಿಯಾ ಅದನ್ನು ನಿಷೇಧಿಸಿದೆ. ಒಂದೇ ಕಾರನ್ನು ಅಷ್ಟೇ ಎಚ್ಚರದಿಂದ ಓಡಿಸುವ ಇಬ್ಬರಲ್ಲಿ ವಿದ್ಯಾರ್ಥಿಯಾಗಿ ನಿನ್ನೆ ಬಂದವನು ಹೆಚ್ಚು ತೆರಬೇಕಾಗಬಹುದು. ಹಳೆಯ ಕಾರು ಕೊಳ್ಳುವವರು ಹ್ಯೂಸ್ಟನ್‌ನಲ್ಲಿ ಅದು ನೆರೆಯಲ್ಲಿ ಮುಳುಗಿತ್ತೇ ಎಂದು ದಾಖಲೆ ತೆಗೆಸಿ ನೋಡುವುದು ಒಳ್ಳೆಯದು. 2017ರ ಹಾರ್ವಿ ಚಂಡಮಾರುತದಲ್ಲಿ ಲಕ್ಷಾಂತರ ವಾಹನಗಳು ನೀರು ಕುಡಿದವು.

ಇಷ್ಟೆಲ್ಲ ಹೋಲಿಸಿದ ಮೇಲೂ ಕಾರೇ ಬೇಡವೆನ್ನುವ ಆಯ್ಕೆ ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಅದು ನಿಸರ್ಗದ ನಿಯಮವಲ್ಲ, ರಾಜ್ಯದ ನೀತಿ. ಟೆಕ್ಸಸ್‌ನ ಇಂಧನ ತೆರಿಗೆ 1991ರಿಂದಲೂ ಗ್ಯಾಲನ್ನಿಗೆ 20 ಸೆಂಟ್‌ನಲ್ಲೇ ನಿಂತಿದೆ. ಸಾಧಾರಣ ಕೊರೊಲ್ಲಾದವರು 12,000 ಮೈಲಿಗೆ ಕಟ್ಟುವುದು 69 ಡಾಲರ್. ವಿದ್ಯುತ್ ಕಾರಿನವರಿಗೆ 2023ರಿಂದ ವರ್ಷಕ್ಕೆ 200 ಡಾಲರ್ ಹೆಚ್ಚುವರಿ ಶುಲ್ಕ, ಮೈಲಿ ಎಷ್ಟೇ ಇರಲಿ. ಹ್ಯೂಸ್ಟನ್‌ನ ಕೇಟಿ ಹೆದ್ದಾರಿಯನ್ನು 2008ರ ಹೊತ್ತಿಗೆ ಅಗಲಿಸಿ, ಪಕ್ಕದ ರಸ್ತೆಗಳೂ ಸೇರಿ ಕೆಲವೆಡೆ 26 ಪಥಗಳಾದವು. ಕೆಲವೇ ವರ್ಷಗಳಲ್ಲಿ ದಟ್ಟಣೆ ಮರಳಿ ಬಂತು. ಆಸ್ಟಿನ್ ಮತದಾರರು 2020ರಲ್ಲಿ ರೈಲಿಗಾಗಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು, ಆದರೆ ವೆಚ್ಚ ಏರಿದಾಗ ಮೊದಲ ಹಂತ ಹತ್ತು ಮೈಲಿಗೂ ಕಡಿಮೆಗೆ ಇಳಿಯಿತು.

ಟೊಯೋಟಾದ ಉತ್ತರ ಅಮೆರಿಕ ಕೇಂದ್ರ ಕಚೇರಿ ಇರುವ ಪ್ಲೇನೋ ನಗರಕ್ಕೆ ಡಾರ್ಟ್ ರೈಲಿದೆ. ಅದರ ಪಕ್ಕದ, ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಮನೆ ಮಾಡಿರುವ ಫ್ರಿಸ್ಕೋ ಡಾರ್ಟ್‌ನ ಸದಸ್ಯ ನಗರವೇ ಅಲ್ಲ. ಅಲ್ಲಿಗೆ ಆರು ತಿಂಗಳಿಗೆಂದು ಬರುವ ಮೈಸೂರಿನ ತಾಯಿ, ಊರಿನಲ್ಲಿ ಒಬ್ಬರೇ ಸಿಟಿ ಬಸ್ಸು ಹತ್ತಿ ದೇವರಾಜ ಮಾರುಕಟ್ಟೆಗೆ ಹೋಗುತ್ತಿದ್ದವರು, ಗ್ರಂಥಾಲಯಕ್ಕೆ ಹೋಗಲೂ ಮಗನ ಶನಿವಾರಕ್ಕೆ ಕಾಯುತ್ತಾರೆ. ಹೊರಗೆ ನಿಂತಿರುವುದು ಕೊರೊಲ್ಲಾನೋ ಕ್ಯಾಮ್ರಿಯೋ ಎಂಬುದರಿಂದ ಅವರಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ.